ಹೊತ್ತು ಮುಳುಗುವ ಮೊದಲು: ಕ್ರೈಸ್ತ ನೀತಿಬೋಧೆಯನ್ನು ದಿನನಿತ್ಯದ ಬದುಕಿಗೆ ತರುವ ಕ್ರಮ

ಕ್ರೈಸ್ತ ನೀತಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಪ್ರೀತಿ, ಕ್ಷಮೆ, ದೀನತೆ ಎಂಬ ದೊಡ್ಡ ಮಾತುಗಳು. ಭಾನುವಾರದ ಪ್ರಸಂಗದಲ್ಲಿ ಅವು ಕಿವಿಗೆ ಹಿತವಾಗಿರುತ್ತವೆ. ಸೋಮವಾರ ಅಂಗಡಿಯ ಬಾಗಿಲು ತೆರೆದಾಗ, ಕಚೇರಿಯ ಕಡತ ಬಿಚ್ಚಿದಾಗ, ಅವುಗಳನ್ನು ಹಿಡಿದುಕೊಂಡು ಏನು ಮಾಡಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ಈ ತೊಡಕು ಬಹುಮಟ್ಟಿಗೆ ನಾವು ಓದುವ ರೀತಿಯಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ. ಬೈಬಲ್ ತನ್ನ ನೀತಿಯನ್ನು ಅನೇಕ ಕಡೆ ಹೊತ್ತು, ಅಳತೆ ಮತ್ತು ವಿಧಾನದ ಸಮೇತ ಹೇಳುತ್ತದೆ: ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು, ವಂಚಿಸಿ ಪಡೆದದ್ದನ್ನು ಅದರ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು, ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಬೇಕು. ಹೀಗೆ ಗಡುವು ಮತ್ತು ಲೆಕ್ಕ ಇರುವ ವಚನಗಳಿಂದಲೇ ಆರಂಭಿಸಿದರೆ ದೊಡ್ಡ ಮಾತುಗಳು ತಾವಾಗಿ ಕೈಗೆ ಎಟುಕುತ್ತವೆ. ಮುಂದಿನ ಕ್ರಮವನ್ನು ಈ ನಂಬಿಕೆಯ ಮೇಲೆ ಕಟ್ಟಲಾಗಿದೆ. ಕಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಇದು ಸಮಾನವಾಗಿ ಸಲ್ಲುತ್ತದೆ; ಕ್ರೈಸ್ತರಲ್ಲದ ಓದುಗರಿಗೆ, ನೆರೆಮನೆಯ ಕ್ರೈಸ್ತರಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಓದುವಾಗ ಕೇಳಬೇಕಾದ ಪ್ರಶ್ನೆಗಳು

ವಾರಕ್ಕೆ ಒಂದೇ ಭಾಗವನ್ನು ಆರಿಸಿಕೊಳ್ಳಿ. ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳವರೆಗಿನ ಪರ್ವತ ಪ್ರಸಂಗ, ಯಾಕೋಬನ ಪತ್ರಿಕೆ, ಯಾಜಕಕಾಂಡದ 19ನೆಯ ಅಧ್ಯಾಯ ಮತ್ತು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ, ಇಷ್ಟು ಸಾಮಗ್ರಿ ಒಂದು ವರ್ಷಕ್ಕೆ ಧಾರಾಳವಾಗಿ ಸಾಕು. ಓದುವಾಗ ಕೇಳಬೇಕಾದದ್ದು ಇಷ್ಟೇ: ಇಲ್ಲಿ ಯಾರು ಯಾರಿಗೆ ಏನು ಮಾಡಬೇಕಾಗಿದೆ, ಯಾವಾಗಿನೊಳಗೆ, ಎಷ್ಟು, ಮತ್ತು ನನ್ನ ಬದುಕಿನಲ್ಲಿ ಆ 'ಯಾರಿಗೆ' ಎಂಬ ಸ್ಥಾನದಲ್ಲಿ ನಿಂತಿರುವವರು ಯಾರು. ಕೊನೆಯ ಪ್ರಶ್ನೆಗೆ ಒಂದು ಹೆಸರು ದೊರೆಯದಿದ್ದರೆ ಓದು ಮುಗಿದಿಲ್ಲವೆಂದೇ ತಿಳಿಯಬೇಕು. 'ಬಡವರು' ಎಂದು ಬರೆದುಕೊಂಡರೆ ಸಾಲದು. ಯಾವ ಬಡವರು, ಅವರ ಮನೆ ಎಲ್ಲಿದೆ ಎಂಬಷ್ಟು ನಿಖರವಾಗಿ ಬರೆಯಬೇಕು.

ರಾತ್ರಿ ಮಲಗುವ ಮುನ್ನ ಸ್ವಲ್ಪ ಹೊತ್ತು ಆತ್ಮಶೋಧನೆಗೆ ಮೀಸಲಿಡುವುದು ಹಳೆಯ ಪದ್ಧತಿ. ಯೇಸುಸಭೆಯ ಸ್ಥಾಪಕನಾದ ಲೊಯೋಲದ ಸಂತ ಇಗ್ನೇಷಿಯಸ್ 16ನೆಯ ಶತಮಾನದಲ್ಲಿ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟನು. ಅದರಲ್ಲಿ ಮೊದಲ ಹೆಜ್ಜೆ ಕೃತಜ್ಞತೆ; ತಪ್ಪುಗಳ ಪಟ್ಟಿ ಆನಂತರ ಬರುತ್ತದೆ. ಈ ಅನುಕ್ರಮವನ್ನು ತಿರುಗಿಸಬೇಡಿ. ತಪ್ಪಿನಿಂದ ಆರಂಭಿಸಿದವರು ಬಹುಬೇಗ ಬೇಸತ್ತು ನೋಟ್‌ಬುಕ್ಕನ್ನೇ ಮುಚ್ಚಿಬಿಡುತ್ತಾರೆ, ಇಲ್ಲವೇ ಪರರ ತಪ್ಪುಗಳನ್ನು ಬರೆಯಲು ತೊಡಗುತ್ತಾರೆ. ಎರಡನೆಯದು ತನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು ಹುಡುಕುವ ಕೆಲಸ. ಪರ್ವತ ಪ್ರಸಂಗದಲ್ಲಿ ಯೇಸು ಅದನ್ನು ಕಪಟವೆಂದೇ ಕರೆದಿದ್ದಾನೆ.

ಮೊದಲು ಹಣದ ಲೆಕ್ಕ: ಕೂಲಿ, ಸಂಬಳ, ಕೈಸಾಲ

ಭಕ್ತಿಯ ವಿಷಯಕ್ಕೆ ಹಣದಿಂದ ಆರಂಭಿಸುವುದು ಕೆಲವರಿಗೆ ಒಗ್ಗದಿರಬಹುದು. ಆದರೆ ಹಣದ ವಿಷಯದಲ್ಲಿ ಮಾತು ಮತ್ತು ನಡತೆಯ ನಡುವಿನ ಅಂತರ ರೂಪಾಯಿಗಳಲ್ಲಿ ಕಾಣುತ್ತದೆ, ಆದ್ದರಿಂದ ಅಲ್ಲಿ ನಮ್ಮನ್ನು ನಾವು ವಂಚಿಸಿಕೊಳ್ಳುವುದು ಕಷ್ಟ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ 14 ಮತ್ತು 15ನೆಯ ವಚನಗಳು ಕೂಲಿಯವನ ಸಂಬಳವನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ವಿಧಿಸುತ್ತವೆ ಮತ್ತು ಅದಕ್ಕೆ ಕಾರಣವನ್ನೂ ಹೇಳುತ್ತವೆ: ಅವನು ಬಡವ, ಆ ಕೂಲಿಯ ಮೇಲೆಯೇ ಅವನ ಮನಸ್ಸು ನೆಟ್ಟಿದೆ. ಕೂಲಿಯವನು ನಿನ್ನ ಜನಾಂಗದವನಾಗಿರಲಿ, ಪರದೇಶಿಯಾಗಿರಲಿ, ನಿಯಮ ಒಂದೇ ಎಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಬಿಹಾರ, ಒಡಿಶಾದವರಿಗೆ, ಕೊಡಗಿನ ಕಾಫಿ ತೋಟಗಳಿಗೆ ಬರುವ ಅಸ್ಸಾಮಿನವರಿಗೆ ಈ 'ಪರದೇಶಿ' ಎಂಬ ಮಾತು ನೇರವಾಗಿ ಅನ್ವಯಿಸುತ್ತದೆ. ಭಾಷೆ ಬಾರದವನು ಲೆಕ್ಕ ಕೇಳಲಾರ ಎಂಬ ಧೈರ್ಯದಿಂದಲೇ ಅನೇಕ ಕಡೆ ಅವರ ಬಟವಾಡೆ ತಡವಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಇದನ್ನೇ ಇನ್ನಷ್ಟು ಕಟುವಾಗಿ ಹೇಳುತ್ತಾನೆ: ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಮತ್ತು ಆ ಕೂಗು ದೇವರ ಕಿವಿಗೆ ಬಿದ್ದಿದೆ (5:4).

ಈಗ ಒಂದು ಮನೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಮನೆಗೆಲಸಕ್ಕೆ ಬರುವವರಿಗೆ ತಿಂಗಳ ಮೊದಲನೆಯ ತಾರೀಖಿಗೆ ಸಂಬಳ ಎಂದು ಮಾತಾಗಿರುತ್ತದೆ. ಮೊದಲನೆಯ ತಾರೀಖು ಭಾನುವಾರ ಬಂದರೆ ಸೋಮವಾರ, ಯಜಮಾನರು ಊರಿಗೆ ಹೋಗಿದ್ದರೆ ಅವರು ಬಂದ ಮೇಲೆ, ಚಿಲ್ಲರೆ ಇಲ್ಲದಿದ್ದರೆ ನಾಳೆ ಎಂದು ದಿನ ಮುಂದೆ ಹೋಗುತ್ತದೆ. ಅತ್ತ ಅವರ ಮನೆ ಬಾಡಿಗೆಯ ಗಡುವು, ಸ್ವಸಹಾಯ ಸಂಘದ ವಾರದ ಕಂತು ಮುಂದೆ ಹೋಗುವುದಿಲ್ಲ. ಈ ತೊಂದರೆಗೆ ಪರಿಹಾರ ಸುಲಭವಾಗಿದೆ: ಸಂಬಳದ ದಿನ ರಜೆಯಾಗಿದ್ದರೆ ಹಿಂದಿನ ದಿನ ಕೊಡಬೇಕು, ನೀವು ಊರಲ್ಲಿ ಇಲ್ಲದಿದ್ದರೆ ಫೋನ್‌ಪೇ ಅಥವಾ ಗೂಗಲ್‌ಪೇ ಮೂಲಕ ಕಳುಹಿಸಬೇಕು, ಆ ಸೌಕರ್ಯ ಅವರಲ್ಲಿ ಇಲ್ಲದಿದ್ದರೆ ಲಕೋಟೆಯಲ್ಲಿಟ್ಟು ನೆರೆಮನೆಯವರ ಕೈಯಲ್ಲಿ ಕೊಟ್ಟು ಹೋಗಬೇಕು. ಮುಂಗಡ ಕೊಟ್ಟಿದ್ದರೆ ಎಷ್ಟು, ತಿಂಗಳಿಗೆ ಎಷ್ಟು ಮುರಿದುಕೊಳ್ಳುವುದು ಎಂಬುದನ್ನು ಇಬ್ಬರೂ ನೋಡುವಂತೆ ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಬರೆದಿಡಬೇಕು. ರಜೆ ಹಾಕಿದ ದಿನಗಳಿಗೆ ಸಂಬಳ ಮುರಿಯುವ ಮುನ್ನ, ನಿಮ್ಮ ಸ್ವಂತ ಉದ್ಯೋಗದಲ್ಲಿ ತಿಂಗಳಿಗೆ ಎಷ್ಟು ಸಂಬಳಸಹಿತ ರಜೆ ದೊರೆಯುತ್ತದೆ ಎಂಬುದನ್ನು ಎಣಿಸಿ ನೋಡಬೇಕು. ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿರಿ ಎಂಬ ಸುವರ್ಣ ನಿಯಮ (ಮತ್ತಾಯ 7:12) ಈ ಲೆಕ್ಕದಲ್ಲಿ ಸ್ಪಷ್ಟವಾಗುವಷ್ಟು ಬೇರೆಲ್ಲೂ ಆಗದು. ಕರ್ನಾಟಕದಲ್ಲಿ ಮನೆಗೆಲಸವೂ ಕನಿಷ್ಠ ವೇತನದ ಪಟ್ಟಿಯಲ್ಲಿದೆ ಎಂಬುದನ್ನು ಮರೆಯಬಾರದು. 'ಪಕ್ಕದ ಮನೆಯವರು ಕೊಡುವುದೂ ಇಷ್ಟೇ' ಎಂಬ ಸಮಾಧಾನಕ್ಕೆ ಕಾನೂನಿನಲ್ಲಿಯೂ ಬೆಲೆಯಿಲ್ಲ, ಸುವಾರ್ತೆಯಲ್ಲಿಯೂ ಇಲ್ಲ.

ಇದರ ಜೊತೆಗೆ ಹಕ್ಕಲಿನ ನಿಯಮವನ್ನೂ ಓದಿಕೊಳ್ಳಿ. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಗಳನ್ನು ಆರಿಸಿಕೊಳ್ಳಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದು ಯಾಜಕಕಾಂಡ (19:9–10) ಹೇಳುತ್ತದೆ. ಮೋವಾಬಿನಿಂದ ಬಂದ ಬಡ ವಿಧವೆ ರೂತಳು ಬೋವಜನೆಂಬ ಜಮೀನುದಾರನ ಹೊಲದಲ್ಲಿ ಹಕ್ಕಲಾಯ್ದದ್ದು, ಅಂದರೆ ಉದುರಿದ ತೆನೆ ಆರಿಸಿಕೊಂಡದ್ದು, ಈ ನಿಯಮದ ಬಲದಿಂದಲೇ. ಸಂಪಾದನೆಯ ಕೊನೆಯ ಕಾಳನ್ನೂ ತನ್ನ ಕಣಜಕ್ಕೇ ಸೇರಿಸಬಾರದೆಂಬುದು ಇದರ ಒಳತಿರುಳು. ಮಾಲ್‌ನಲ್ಲಿ ಮುದ್ರಿಸಿದ ಬೆಲೆಯನ್ನು ತುಟಿ ಬಿಚ್ಚದೆ ತೆತ್ತು ಬಂದವರು ಬುಟ್ಟಿ ಹೊತ್ತು ಸೊಪ್ಪು ಮಾರುವ ಹೆಂಗಸಿನೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುವುದನ್ನು ಬಿಟ್ಟರೆ ಈ ನಿಯಮಕ್ಕೆ ಪೇಟೆಯಲ್ಲಿ ಒಂದು ರೂಪ ಸಿಕ್ಕಂತಾಗುತ್ತದೆ.

ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು

ಪಶ್ಚಾತ್ತಾಪಕ್ಕೆ ಕಣ್ಣೀರು ಸಾಕೆಂಬ ಭಾವನೆ ವ್ಯಾಪಕವಾಗಿದೆ. ಜೆರಿಕೋ ಪಟ್ಟಣದ ಸುಂಕದ ಅಧಿಕಾರಿ ಜಕ್ಕಾಯನ ಪ್ರಸಂಗದಲ್ಲಿ (ಲೂಕ 19:1–10) ಕಣ್ಣೀರಿನ ಪ್ರಸ್ತಾಪವೇ ಇಲ್ಲ. ಇರುವುದು ಎರಡು ಲೆಕ್ಕಗಳು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು ನಾಲ್ಕು ಕುರಿ ಕೊಡಬೇಕೆಂಬ ವಿಮೋಚನಕಾಂಡದ ದಂಡವನ್ನು ಜಕ್ಕಾಯ ತನಗೆ ತಾನೇ ವಿಧಿಸಿಕೊಂಡನು. ತಾನಾಗಿ ತಪ್ಪೊಪ್ಪಿಕೊಂಡವನಿಗೆ ಧರ್ಮಶಾಸ್ತ್ರದ ವಿಧಿ ಇದಕ್ಕಿಂತ ಹಗುರ: ಮೂಲಧನ ಮತ್ತು ಅದರ ಐದನೆಯ ಒಂದು ಪಾಲು (ಯಾಜಕಕಾಂಡ 6:1–5, ಅರಣ್ಯಕಾಂಡ 5:7).

ಪಾಲಿಸಲು ಈ ಎರಡನೆಯ ಅಳತೆಯೇ ಯೋಗ್ಯ. ನೀವು ಯಾರದೋ 5,000 ರೂಪಾಯಿಯನ್ನು ನ್ಯಾಯವಲ್ಲದ ರೀತಿಯಲ್ಲಿ ಉಳಿಸಿಕೊಂಡಿದ್ದರೆ, ಉದಾಹರಣೆಗೆ ಮನೆ ಬಿಟ್ಟುಹೋದ ಬಾಡಿಗೆದಾರರ ಅಡ್ವಾನ್ಸಿನಿಂದ ಬಣ್ಣ ಬಳಿಸಿದ ನೆಪ ಹೇಳಿ ಮುರಿದುಕೊಂಡಿದ್ದರೆ, ಹಿಂದಿರುಗಿಸಬೇಕಾದದ್ದು 6,000. ಮೊದಲು ಆ ಮೊತ್ತವನ್ನು ಬರೆಯಿರಿ, ಬಳಿಕ ಆ ವ್ಯಕ್ತಿಯ ಹೆಸರನ್ನು, ಅನಂತರ ದಿನಾಂಕವನ್ನು. ಒಮ್ಮೆಲೇ ಕೊಡಲಾಗದಿದ್ದರೆ ಕಂತುಗಳಲ್ಲಿ ಕೊಡಿ, ಆದರೆ ಮೊದಲ ಕಂತಿನೊಡನೆಯೇ ಪೂರ್ತಿ ಮೊತ್ತವನ್ನು ಅವರಿಗೆ ತಿಳಿಸಿಬಿಡಿ. ಆ ವ್ಯಕ್ತಿ ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಹುಡುಕಬೇಕು. ಹತ್ತಿರದ ಬಂಧುವೂ ಇಲ್ಲದಿದ್ದರೆ ಮಾತ್ರ ಅದು ದೇವರಿಗೆ ಸಲ್ಲಬೇಕೆಂದು ಅರಣ್ಯಕಾಂಡ ಹೇಳುತ್ತದೆ. ಈ ಅನುಕ್ರಮದ ಮಹತ್ವವನ್ನು ಕಡೆಗಣಿಸಬಾರದು. ವಂಚಿತನಾದವನು ಬದುಕಿರುವಾಗಲೇ ಆ ಹಣವನ್ನು ಕಾಣಿಕೆ ಡಬ್ಬಿಗೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯನ್ನು ಧರ್ಮಶಾಸ್ತ್ರ ಮುಚ್ಚಿದೆ. ಪಾಪನಿವೇದನೆಗೆ ಹೋಗುವ ಕಥೋಲಿಕರು ಈ ಲೆಕ್ಕವನ್ನು ಜೊತೆಗೊಯ್ಯುವುದು ಒಳ್ಳೆಯದು, ಏಕೆಂದರೆ ಕದ್ದದ್ದನ್ನು ಹಿಂದಿರುಗಿಸುವುದು ನ್ಯಾಯದ ಋಣವೆಂಬುದು ಧರ್ಮಸಭೆಯ ಬೋಧನೆಯೂ ಆಗಿದೆ.

ಜಗಳ ಬಿದ್ದಾಗ

ಇಲ್ಲಿ ಎರಡು ವಚನಗಳನ್ನು ಜೋಡಿಸಿ ಓದಬೇಕು. ಕಾಣಿಕೆಯನ್ನು ಬಲಿಪೀಠದ ಬಳಿಗೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯ 5:23–24 ಹೇಳುತ್ತದೆ. ಸಹೋದರನು ನಿನಗೆ ತಪ್ಪು ಮಾಡಿದರೆ ನೀನೇ ಹೋಗಿ ಅವನೊಬ್ಬನೇ ಇರುವಾಗ ತಿಳಿಸು ಎಂದು ಮತ್ತಾಯ 18:15 ಹೇಳುತ್ತದೆ. ತಪ್ಪು ನನ್ನದಾದರೂ ಹೋಗಬೇಕಾದವನು ನಾನು, ಅವನದಾದರೂ ಹೋಗಬೇಕಾದವನು ನಾನೇ. 'ಅವರೇ ಬರಲಿ' ಎಂದು ಕಾದು ಕುಳಿತುಕೊಳ್ಳಲು ಎರಡರಲ್ಲಿಯೂ ಎಡೆಯಿಲ್ಲ. ರೋಮನ್ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಶಾಂತಿಯ ಚಿಹ್ನೆ ಹಂಚಿಕೊಳ್ಳುವುದು, ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) 1950ರ ಆರಾಧನಾ ಕ್ರಮದಲ್ಲಿ ಕಾಣಿಕೆ ಅರ್ಪಿಸುವ ಘಟ್ಟದಲ್ಲಿ ಕೈಯಿಂದ ಕೈಗೆ ಸಮಾಧಾನವನ್ನು ದಾಟಿಸುವುದು ಇದೇ ಬೋಧನೆಯನ್ನು ನೆನಪಿಸುತ್ತವೆ. ನಾವೋ ಪಕ್ಕದಲ್ಲಿ ನಿಂತ ಅಪರಿಚಿತರಿಗೆ ಕೈಮುಗಿದು, ಎರಡು ಸಾಲು ಹಿಂದೆ ಕುಳಿತ ದಾಯಾದಿಯ ಕಡೆಗೆ ತಿರುಗಿಯೂ ನೋಡದೆ ಮನೆಗೆ ಬರುತ್ತೇವೆ.

ಮತ್ತಾಯ 18ರ ಕ್ರಮ ಹೀಗಿದೆ. ಮೊದಲು ಒಬ್ಬರೇ, ಅವರು ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸುವುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತೀರ ತದ್ವಿರುದ್ಧ: ಮೊದಲು ವಾಟ್ಸಾಪ್ ಗುಂಪಿಗೆ, ಆಮೇಲೆ ಅತ್ತಿಗೆ ನಾದಿನಿಯರಿಗೆ, ಕೊನೆಗೆ, ಅದೂ ಬಂದರೆ, ತಪ್ಪು ಮಾಡಿದವರ ಕಿವಿಗೆ. ಆದ್ದರಿಂದ ಮೊದಲ ಹೆಜ್ಜೆಯನ್ನೇ ಸರಿಯಾಗಿ ಇಡುವುದನ್ನು ಕಲಿಯಬೇಕು. ಫೋನಿನಲ್ಲಿ ದಿನ ಮತ್ತು ಹೊತ್ತು ಮಾತ್ರ ಕೇಳಿ, ವಿಷಯವನ್ನು ಅಲ್ಲಿ ಎತ್ತಬೇಡಿ. ಹೋದಾಗ ಒಂದೇ ಒಂದು ಘಟನೆಯನ್ನು ಹೇಳಿ. 'ಅಣ್ಣ, ಅಪ್ಪನ ಆಸ್ಪತ್ರೆಯ ಖರ್ಚನ್ನು ಎಲ್ಲರೂ ಹಂಚಿಕೊಳ್ಳೋಣ ಎಂದು ಮಾತಾಗಿತ್ತು, ನನ್ನ ಪಾಲಿನ ಮೇಲೆ ನಿಮ್ಮ ಪಾಲನ್ನೂ ನಾನೇ ಕಟ್ಟಿದೆ, ಅದರ ಬಗ್ಗೆ ಮಾತನಾಡಬೇಕಿತ್ತು' ಎಂಬುದು ಮಾತಿನ ಆರಂಭ. 'ನೀವು ಮೊದಲಿನಿಂದಲೂ ಹೀಗೆಯೇ' ಎಂದರೆ ಮಾತಿನ ಮುಕ್ತಾಯ. ನಿಮ್ಮ ಕಡೆಯ ತಪ್ಪು ಎಷ್ಟೇ ಚಿಕ್ಕದಾಗಿದ್ದರೂ ಅದನ್ನು ಮೊದಲು ಹೇಳಿ, ಅದರ ಹಿಂದೆ 'ಆದರೆ' ಸೇರಿಸಬೇಡಿ. ಅಲ್ಲಿ ನಡೆದದ್ದನ್ನು ಹೊರಗೆ ಯಾರಿಗೂ ಹೇಳುವುದಿಲ್ಲವೆಂದು ಹೇಳಿ, ಮತ್ತು ಹೇಳಬೇಡಿ. ಮಂಗಳೂರು ಸೀಮೆಯ ಕಥೋಲಿಕ ಕುಟುಂಬಗಳು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಹೊಸ ತೆನೆಯ ಊಟಕ್ಕೆ ಒಟ್ಟಾಗಿ ಕೂರುತ್ತವೆ. ಮನಸ್ತಾಪ ಇರುವವರು ಆ ದಿನವನ್ನೇ ಗಡುವಾಗಿ ಇಟ್ಟುಕೊಂಡು ಹಿಂದಿನ ವಾರವೇ ಮಾತನಾಡಿ ಮುಗಿಸುವುದು ಲೇಸು. ಊಟದ ನಡುವೆ ಎಲ್ಲರೆದುರು ವಿಷಯ ಎತ್ತಿದರೆ ಹಬ್ಬವೂ ಹೋಗುತ್ತದೆ, ರಾಜಿಯೂ ಹೋಗುತ್ತದೆ.

ಆಸ್ತಿಯ ಪಾಲಿನ ಜಗಳಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು. ಆಸ್ತಿ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳು ಎಂದು ಒಬ್ಬನು ಕೇಳಿದಾಗ, ಪಾಲು ಮಾಡುವವನನ್ನಾಗಿ ನನ್ನನ್ನು ನೇಮಿಸಿದವರು ಯಾರು ಎಂದು ಯೇಸು ಮರುಪ್ರಶ್ನೆ ಹಾಕಿ, ಎಲ್ಲಾ ಲೋಭದ ವಿಷಯದಲ್ಲಿ ಎಚ್ಚರಿಕೆಯಾಗಿರಲು ಅಲ್ಲಿದ್ದವರಿಗೆ ಹೇಳಿದನು (ಲೂಕ 12:13–15). ಧರ್ಮಗುರುಗಳಿಂದಲೋ ಸಭಾಪಾಲಕರಿಂದಲೋ ತಮ್ಮ ಪರವಾಗಿ ತೀರ್ಪು ಬರೆಸಿಕೊಳ್ಳಲು ಹೋಗುವವರು ಈ ಭಾಗವನ್ನು ಮೊದಲು ಓದಬೇಕು. ಸರ್ವೆ ನಕ್ಷೆ, ಪಹಣಿ, ವಿಭಾಗಪತ್ರಗಳ ಕೆಲಸವನ್ನು ಅದನ್ನು ಬಲ್ಲವರು ಮಾಡಲಿ; ಮನಸ್ಸಿನ ಲೋಭದ ಕೆಲಸ ಮಾತ್ರ ನಮ್ಮದು.

ಕ್ಷಮೆಗೆ ಸಂಬಂಧಿಸಿದ ಸಾಮ್ಯವೂ ಅದೇ ಮತ್ತಾಯ 18ರಲ್ಲಿದೆ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲವಿದ್ದ ಸೇವಕನು ತನ್ನ ಸಾಲವೆಲ್ಲ ಮನ್ನಾ ಆದ ಮೇಲೆ ನೂರು ದೀನಾರಿ ಸಾಲವಿದ್ದ ಜೊತೆಯವನ ಕುತ್ತಿಗೆ ಹಿಸುಕಿದನು. ಒಂದು ತಲಾಂತಿಗೆ ಸುಮಾರು 6,000 ದೀನಾರಿ ಎಂದರೆ ಎರಡು ಸಾಲಗಳ ನಡುವಿನ ಅಂತರ ಆರು ಲಕ್ಷ ಪಟ್ಟು. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ನೂರು ದೀನಾರಿಯನ್ನು ಪುಡಿಗಾಸೆಂದು ತಳ್ಳಿಹಾಕುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ದ್ರಾಕ್ಷಿತೋಟದ ಸಾಮ್ಯದಿಂದ ತಿಳಿಯುವಂತೆ ದೀನಾರಿ ಒಂದು ದಿನದ ಕೂಲಿ. ನೂರು ದೀನಾರಿ ಮೂರು ತಿಂಗಳಿಗೂ ಮಿಕ್ಕಿದ ದುಡಿಮೆ. ನಿಮಗಾದ ನೋವು ಸಣ್ಣದೆಂದು ಸುವಾರ್ತೆ ಹೇಳುವುದಿಲ್ಲ, ನೋವು ದೊಡ್ಡದೇ ಎಂದು ಒಪ್ಪಿಕೊಂಡು ಕ್ಷಮಿಸಲು ಕೇಳುತ್ತದೆ. ಹಾಗಾಗಿ ಕ್ಷಮಿಸುವ ಮುನ್ನ ಏನನ್ನು ಕ್ಷಮಿಸುತ್ತಿದ್ದೇನೆ ಎಂಬುದನ್ನು ಪೂರ್ತಿಯಾಗಿ ಬರೆದುಕೊಳ್ಳುವುದು ತಪ್ಪಲ್ಲ.

ಈ ಕ್ರಮ ಸಲ್ಲದ ಒಂದು ಸಂದರ್ಭವನ್ನು ಖಂಡಿತವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ, ಲೈಂಗಿಕ ಕಿರುಕುಳಕ್ಕೆ ಒಳಗಾದ ಮಗುವಿಗೆ 'ಮೊದಲು ಒಬ್ಬಳೇ ಹೋಗಿ ಮಾತನಾಡು', 'ಎಪ್ಪತ್ತೇಳು ಸಾರಿ ಕ್ಷಮಿಸು' ಎಂದು ಉಪದೇಶಿಸುವುದು ವಚನದ ದುರುಪಯೋಗ. ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಎಂಬ ಮಾತು ಇರುವುದೂ ಅದೇ 18ನೆಯ ಅಧ್ಯಾಯದಲ್ಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದವರು ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಪ್ಪು ಮಾಡಿದವರು ಸಭೆಯ ಹಿರಿಯರಾಗಿದ್ದರೂ ಈ ಕರ್ತವ್ಯ ಕಡಿಮೆಯಾಗುವುದಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಕ್ಷಮೆ ಸಂತ್ರಸ್ತರ ಹೃದಯದ ವಿಷಯ, ಅದಕ್ಕೆ ಹೊರಗಿನವರು ಗಡುವು ಹಾಕುವಂತಿಲ್ಲ. ದೂರು ಕಾನೂನಿನ ವಿಷಯ, ಅದನ್ನು ಕ್ಷಮೆಯ ಹೆಸರಿನಲ್ಲಿ ಹಿಂತೆಗೆಸುವಂತಿಲ್ಲ.

ಹೌದು ಎಂದರೆ ಹೌದು

ಆಣೆ ಇಡಬೇಡಿ, ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬುದು ಪರ್ವತ ಪ್ರಸಂಗದ ಬೋಧೆ. ಇದನ್ನು ಎರಡು ಜಾಗಗಳಲ್ಲಿ ಪರೀಕ್ಷಿಸಿಕೊಂಡರೆ ಸಾಕು. ಒಂದು, ಉಪನೋಂದಣಿ ಕಚೇರಿ. ನಿವೇಶನಕ್ಕೆ ಕೊಟ್ಟ ಹಣ ಒಂದು, ಕ್ರಯಪತ್ರದಲ್ಲಿ ಕಾಣಿಸುವ ಹಣ ಮತ್ತೊಂದು, ಉಳಿದದ್ದು ಕೈಯಿಂದ ಕೈಗೆ ನಗದು. ಇದನ್ನು ಎಲ್ಲರೂ ಮಾಡುತ್ತಾರೆಂಬುದು ನಿಜ, ಮಾರುವವರು ಒಪ್ಪದಿದ್ದರೆ ವ್ಯವಹಾರ ತಪ್ಪಿಹೋಗಬಹುದೆಂಬುದೂ ನಿಜ. ಆದರೂ ಸಹಿ ಹಾಕುವವನು ಸುಳ್ಳು ಮೊತ್ತವನ್ನು ನಿಜವೆಂದು ಸರ್ಕಾರಕ್ಕೆ ಹೇಳುತ್ತಿದ್ದಾನೆ. ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ ಸಲ್ಲಿಸಿ ಎಂದು ಪೌಲನು ರೋಮಾಪುರದವರಿಗೆ (13:7) ಬರೆದಾಗ ಅಲ್ಲಿ ಆಳುತ್ತಿದ್ದವನು ಸಾಧುವೇನೂ ಆಗಿರಲಿಲ್ಲ, ನೀರೋ ಚಕ್ರವರ್ತಿ ಆಗಿದ್ದನು. ಸ್ಥಳ ನೋಡಲು ಹೋಗುವ ಮೊದಲ ದಿನವೇ 'ಪೂರ್ತಿ ಹಣ ಬ್ಯಾಂಕಿನ ಮೂಲಕ' ಎಂದು ಹೇಳಿಬಿಟ್ಟರೆ ಮುಂದಿನ ಮುಜುಗರ ತಪ್ಪುತ್ತದೆ. ಸಾಲುವ ಬೆಲೆಯ ಬೇರೆ ಜಾಗ ಹುಡುಕಬೇಕಾಗಿ ಬಂದರೆ ಅದು ಈ ವಚನದ ಖರ್ಚು.

ಇನ್ನೊಂದು ಜಾಗ ಮೊಬೈಲು. ಯಾರದೋ ಚಾರಿತ್ರ್ಯ, ಯಾವುದೋ ಸಮುದಾಯದ ಕುರಿತ ಆರೋಪ, ಇಂಥ ಎಣ್ಣೆ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ಸಾಕ್ಷ್ಯ ಬಂದಾಗ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆಯೇ ಎಂದು ಕೇಳಿಕೊಳ್ಳಿ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಫಾರ್ವರ್ಡ್ ಮಾಡುವ ಬೆರಳಿಗೂ ಅನ್ವಯಿಸುತ್ತದೆ. ಪ್ರಾರ್ಥನೆಗಾಗಿ ಎಂಬ ನೆಪದಲ್ಲಿ ಇನ್ನೊಬ್ಬರ ಮನೆಯ ಸಂಗತಿಯನ್ನು ಗುಂಪಿನಲ್ಲಿ ಹರಡುವುದೂ ಚಾಡಿಯೇ, ಅದರ ಹಿಂದೆ ಕೈಮುಗಿದ ಚಿಹ್ನೆ ಎಷ್ಟಿದ್ದರೂ.

ಕೂರಿಸುವ ಜಾಗ, ಕೊಡುವ ಲೋಟ

ಸಭೆಗೆ ಚಿನ್ನದ ಉಂಗುರ ತೊಟ್ಟವನೂ ಕೊಳಕು ಬಟ್ಟೆಯ ಬಡವನೂ ಬಂದಾಗ ಒಬ್ಬನಿಗೆ ಒಳ್ಳೆಯ ಆಸನ ಕೊಟ್ಟು ಇನ್ನೊಬ್ಬನನ್ನು ನಿಲ್ಲಿಸಿದರೆ ನೀವು ಭೇದ ಮಾಡಿದವರಲ್ಲವೇ ಎಂದು ಯಾಕೋಬನು (2:1–4) ಕೇಳುತ್ತಾನೆ. ನಮ್ಮ ನಾಡಿನಲ್ಲಿ ಉಂಗುರಕ್ಕಿಂತ ಜಾತಿ ಹೆಚ್ಚು ಕೆಲಸ ಮಾಡುತ್ತದೆ, ಚರ್ಚಿನ ಒಳಗೂ ಮಾಡುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ ಧರ್ಮಸಭೆಯೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡಿತು. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಸ್ಮಶಾನವನ್ನು ಜಾತಿಯಂತೆ ಎರಡಾಗಿ ಸೀಳಿದ ಗೋಡೆಯ ವಿವಾದ ಬಲ್ಲವರಿಗೆ ಈ ಒಪ್ಪಿಗೆಯ ಅಗತ್ಯವೇನೆಂದು ವಿವರಿಸಬೇಕಾಗಿಲ್ಲ.

ಆದರೆ ಪರೀಕ್ಷೆ ಮನೆಯಲ್ಲಿಯೇ ಆರಂಭವಾಗಲಿ. ಕೆಲಸದವರಿಗೆಂದು ಕಿಟಕಿಯ ಅಡ್ಡಪಟ್ಟಿಯ ಮೇಲೆ ಬೋರಲು ಹಾಕಿಟ್ಟ ಸ್ಟೀಲ್ ಲೋಟ ಇದೆಯೇ? ಇದ್ದರೆ ಇವತ್ತೇ ಅದನ್ನು ಉಳಿದ ಲೋಟಗಳ ಜೊತೆಗೆ ಬೆರೆಸಿಬಿಡಿ, ಯಾವುದೆಂದು ನಿಮಗೂ ಗುರುತು ಸಿಗದಂತೆ. ಮಗನಿಗೆ ಹೆಣ್ಣು ಹುಡುಕುವಾಗ 'ನಮ್ಮ ಪೈಕಿಯವರೇ' ಎಂದು ಕ್ರೈಸ್ತ ಪತ್ರಿಕೆಯ ಜಾಹೀರಾತಿನಲ್ಲಿ ಬರೆಸುವ ಮುನ್ನ ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದವಿಲ್ಲವೆನ್ನುವ ಗಲಾತ್ಯ 3:28ನ್ನು ಗಟ್ಟಿಯಾಗಿ ಓದಿ. ಹುಟ್ಟುಹಬ್ಬದ ಊಟಕ್ಕೆ, ನಿಮ್ಮನ್ನು ಮತ್ತೆ ಕರೆಯಲಾಗದ ಒಂದು ಕುಟುಂಬವನ್ನಾದರೂ ಕರೆಯಿರಿ (ಲೂಕ 14:12–14). ಕರೆದ ಮೇಲೆ ಅವರನ್ನು ಎಲ್ಲರ ಸಾಲಿನಲ್ಲಿಯೇ ಕೂರಿಸಿ.

ಕೊಡುವುದು ಮತ್ತು ಲೆಕ್ಕ ಒಪ್ಪಿಸುವುದು

ದಾನದ ಕುರಿತ ಪ್ರಸಂಗಗಳು ಸಾಕಷ್ಟಿವೆ, ಆದ್ದರಿಂದ ಕ್ರಮವನ್ನಷ್ಟೇ ಹೇಳುತ್ತೇನೆ. ಮೊದಲು ಮನೆಯ ಹಿರಿಯರು. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ನೇರವಾಗಿ ಖಂಡಿಸಿದ್ದಾನೆ. ಅಮ್ಮನ ಔಷಧಿಯ ಹಣವನ್ನು ತಂಗಿಯ ತಲೆಗೆ ಕಟ್ಟಿ ಚರ್ಚಿನ ಗಾಜಿನ ಕಿಟಕಿಗೆ ದೇಣಿಗೆ ಕೊಟ್ಟು ಹೆಸರು ಕೆತ್ತಿಸಿಕೊಳ್ಳುವುದು ಅದರ ಇಂದಿನ ರೂಪ. ಆಮೇಲೆ ಚಿಕ್ಕದಾಗಿ, ತಪ್ಪದೆ ಕೊಡುವ ಅಭ್ಯಾಸ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಕುಟುಂಬಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ಸಭೆಗೆ ಒಪ್ಪಿಸುವ 'ಬುಹ್‌ಫಾಯಿ ಥಾಮ್' ಎಂಬ ಪದ್ಧತಿ 1910ರಿಂದ ನಡೆದುಬಂದಿದೆ. ಆ ಸಭೆಯ ಆದಾಯದಲ್ಲಿ ಹೆಂಗಸರು ಕೂಡಿಟ್ಟ ಈ ಹಿಡಿಯಕ್ಕಿಯ ಪಾಲು ದೊಡ್ಡದು. ಇದಕ್ಕೆ ಬೇಕಾದದ್ದು ಒಲೆಯ ಪಕ್ಕದಲ್ಲಿ ಒಂದು ಡಬ್ಬಿ. ಮೂರನೆಯದಾಗಿ, ಕೊಡುವುದರ ಜೊತೆಗೆ ಹೋಗಿ ನೋಡುವುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜಾನಾಮ್ ಮತ್ತು ಗೆಳೆಯರು ಆರಂಭಿಸಿದ, ಕರಾವಳಿಯ ಇಗರ್ಜಿಗಳಲ್ಲಿ ಈಗಲೂ ಸಕ್ರಿಯವಾಗಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ. ಹೋದಾಗ ಫೋಟೋ ತೆಗೆಯಬೇಡಿ; ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಮೇಲೆ ಫೇಸ್‌ಬುಕ್ಕಿಗೆ ತಿಳಿಯಬೇಕಾದ ಕಾರಣವಿಲ್ಲ.

ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆಯನ್ನು ಹೇಳಿ ಬಡವರಿಂದ ಹಣ ಎತ್ತುವವರ ವಿಷಯದಲ್ಲಿ ಎಚ್ಚರವಿರಲಿ. ಮಾರ್ಕನ ಸುವಾರ್ತೆಯಲ್ಲಿ ಆ ಕಥೆಗೆ ತೀರ ಹಿಂದಿನ ವಚನ, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದುದ್ದ ಪ್ರಾರ್ಥನೆ ಮಾಡುವವರಿಗೆ ಆಗುವ ದಂಡನೆಯ ಬಗ್ಗೆ ಇದೆ (12:40).

ಸಭೆಯ ಹಣ ನೋಡಿಕೊಳ್ಳುವ ಹೊಣೆ ನಿಮ್ಮ ಮೇಲೆ ಬಿದ್ದರೆ ಪೌಲನ ಪದ್ಧತಿಯನ್ನು ಹಿಡಿಯಿರಿ. ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಅವನು ತನ್ನ ಅಪೊಸ್ತಲತನವನ್ನು ನಂಬಿ ಎಂದು ಹೇಳಲಿಲ್ಲ. ಸಭೆಗಳು ಆರಿಸಿದವನನ್ನು ಜೊತೆಗೆ ಸೇರಿಸಿಕೊಂಡು, ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾದದ್ದನ್ನು ಮಾಡಬೇಕೆಂದಿದ್ದೇವೆ ಎಂದು ಬರೆದನು (2 ಕೊರಿಂಥ 8:18–21). ಕಾಣಿಕೆ ಡಬ್ಬಿಯನ್ನು ಇಬ್ಬರು ಸೇರಿ ತೆರೆಯಬೇಕು, ಎಣಿಸಿದ ಮೊತ್ತಕ್ಕೆ ಇಬ್ಬರೂ ಸಹಿ ಹಾಕಬೇಕು, ವರ್ಷದ ಲೆಕ್ಕಪತ್ರವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಸಾಮಾನ್ಯ ಸದಸ್ಯರಾಗಿದ್ದರೆ ಅದನ್ನು ನಿಂತು ಓದುವುದು ನಿಮ್ಮ ಕೆಲಸ. ಓದಿ ಸಂಶಯ ಬಂದರೆ ಮಹಾಸಭೆಯಲ್ಲಿ ಎದ್ದು ನಿಲ್ಲುವ ಮೊದಲು ಖಜಾಂಚಿಯವರ ಮನೆಗೆ ಒಬ್ಬರೇ ಹೋಗಿ ರಸೀದಿ ಪುಸ್ತಕ ತೋರಿಸುವಂತೆ ಕೇಳಿ. ತೋರಿಸದಿದ್ದರೆ ಮುಂದಿನ ಸಲ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.